ನೀರು, ಗಾಳಿ, ಬೆಂಕಿ, ಮಣ್ಣು: ಬರೋಕ್ ಕಛೇರಿಗೆ ಹೊರಟವರಿಗೆ ಒಂದು ಕೈಪಿಡಿ

ಲಂಡನ್, ಟೊರಾಂಟೊ, ಸಿಡ್ನಿ, ಬೇ ಏರಿಯಾ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ‘ನಮ್ಮೂರಿನ ಚರ್ಚ್‌ನಲ್ಲಿ ನಾಲ್ಕು ಭೂತಗಳು ಅಂತ ಹಳೇ ಕಾಲದ ಸಂಗೀತದ ಕಛೇರಿ ಇದೆ. ಹೋಗೋ ಆಸೆ. ನಮಗೆ ಅರ್ಥ ಆಗುತ್ತಾ? ಏನನ್ನ ಕೇಳಬೇಕು? ಚಪ್ಪಾಳೆ ಯಾವಾಗ?’ ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಹಾಕಿದ್ದೇನೆ.

ಮೊದಲು ಎರಡು ಪದ ತಿಳಿದಿರಲಿ. ಅರ್ಲಿ ಮ್ಯೂಸಿಕ್ ಅಂದರೆ ಯುರೋಪಿನಲ್ಲಿ ಹೆಚ್ಚೂಕಮ್ಮಿ 1750ಕ್ಕೆ ಮೊದಲು ಹುಟ್ಟಿದ ಸಂಗೀತ. ಅದರಲ್ಲಿ 1600ರಿಂದ 1750ರವರೆಗಿನ ಭಾಗಕ್ಕೆ ಬರೋಕ್ ಅನ್ನುತ್ತಾರೆ. ಇದನ್ನು ಆ ಕಾಲದ ವಾದ್ಯಗಳಲ್ಲಿ, ಇಲ್ಲವೇ ಅವುಗಳನ್ನೇ ನೋಡಿ ಮಾಡಿದ ಹೊಸ ವಾದ್ಯಗಳಲ್ಲಿ ನುಡಿಸುವ ತಂಡಗಳು ಈಗ ಎಷ್ಟೋ ಇವೆ. ಋತು, ಸಮುದ್ರ, ಬಿರುಗಾಳಿ, ಹಕ್ಕಿ, ಬೆಂಕಿ ಅಂತ ಒಂದು ವಿಷಯ ಹಿಡಿದು ಇಡೀ ಸಂಜೆ ಕಟ್ಟುವುದು ಈ ತಂಡಗಳಿಗೆ ಬಹಳ ಇಷ್ಟ.

ನೀವು ಹೆದರಬೇಕಾದ್ದು ಏನೂ ಇಲ್ಲ. ಈ ಕೃತಿಗಳಲ್ಲಿ ನೀರು, ಬೆಂಕಿ ಅನ್ನೋದು ಬರೀ ಮನಸ್ಸಿಗೆ ಬರುವ ಭಾವ ಅಲ್ಲ. ಸ್ವರಗಳಲ್ಲಿ ಬೇಕೆಂದೇ ಕೂರಿಸಿದ ಗುರುತುಗಳು ಅವು. ಅಂಥ ನಾಲ್ಕೈದು ಗುರುತು ಮೊದಲೇ ಗೊತ್ತಿದ್ದರೆ ಎರಡು ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ಗೊತ್ತಿಲ್ಲದಿದ್ದರೆ ಎಲ್ಲವೂ ಒಂದೇ ಥರ ಕೇಳಿಸಿ ನಿದ್ದೆ ಬರುತ್ತದೆ.

1. ಪೋಸ್ಟರ್ ಬಿಡಿ, ಕೃತಿಗಳ ಪಟ್ಟಿ ಓದಿ

ಟಿಕೆಟ್ ಕೊಳ್ಳುವ ಮೊದಲು ಆ ಸಂಜೆ ಏನೇನು ನುಡಿಸುತ್ತಾರೆ ಅನ್ನುವ ಪಟ್ಟಿ ಹುಡುಕಿ. ಮೇಣದಬತ್ತಿ ಹಚ್ಚಿ, ಹಿಂದೆ ಅಲೆಯ ಚಿತ್ರ ಹಾಕಿ ‘ಪ್ರಕೃತಿಯ ಸಂಗೀತ’ ಅಂತ ಬರೆದ ಕಾರ್ಯಕ್ರಮಗಳಲ್ಲಿ ಕೆಲವು ಅರ್ಲಿ ಮ್ಯೂಸಿಕ್ ಅಲ್ಲವೇ ಅಲ್ಲ. ನಾಲ್ಕು ಜನ ಈಗಿನ ಪಿಟೀಲುಗಳಲ್ಲಿ ವಿವಾಲ್ಡಿ ಅನ್ನುವ ರಚನಕಾರನ ‘ನಾಲ್ಕು ಋತುಗಳು’ ಕೃತಿಗಳನ್ನೂ ಜೊತೆಗೆ ನಾಲ್ಕು ಸಿನಿಮಾ ಹಾಡುಗಳನ್ನೂ ನುಡಿಸುತ್ತಾರೆ. ಅದು ತಪ್ಪು ಅಂತಲ್ಲ, ಆದರೆ ನೀವು ದುಡ್ಡು ಕೊಟ್ಟಿದ್ದು ಅದಕ್ಕಲ್ಲ, ಅಲ್ವಾ?

ಪಟ್ಟಿಯಲ್ಲಿ ಈ ರಚನಕಾರರ ಹೆಸರಿದ್ದರೆ ಧೈರ್ಯವಾಗಿ ಹೋಗಿ: ರೆಬೆಲ್, ಮಾರಿನ್ ಮರೇ, ರಾಮೋ, ಟೆಲೆಮಾನ್, ಹ್ಯಾಂಡೆಲ್, ವಿವಾಲ್ಡಿ, ಪರ್ಸೆಲ್, ಬೀಬರ್, ಜಾನೆಕ್ಯಾಂ. ‘ಪೀರಿಯಡ್ ಇನ್‌ಸ್ಟ್ರುಮೆಂಟ್ಸ್’ ಅಂತ ಬರೆದಿದ್ದರೆ ಇನ್ನೂ ಒಳ್ಳೆಯದು. ಆ ಕಾಲದ ವಾದ್ಯಗಳು ಅಂತ ಅರ್ಥ.

ಹೆಸರಿನ ಪಕ್ಕದ ಅಕ್ಷರ, ಅಂಕಿಗಳನ್ನು ಬಿಟ್ಟು ಓದಬೇಡಿ. ‘ಆರ್‌ವಿ’ ಅಂದರೆ ವಿವಾಲ್ಡಿ ಕೃತಿಗಳ ಸೂಚಿ, ‘ಎಚ್‌ಡಬ್ಲ್ಯುವಿ’ ಹ್ಯಾಂಡೆಲ್‌ನದು, ‘ಟಿಡಬ್ಲ್ಯುವಿ’ ಟೆಲೆಮಾನ್‌ನದು. ಇದು ಯಾಕೆ ಬೇಕು ಅಂದರೆ, ‘ಸಮುದ್ರದ ಬಿರುಗಾಳಿ’ ಅನ್ನುವ ಹೆಸರಿನಲ್ಲಿ ವಿವಾಲ್ಡಿ ಒಂದಕ್ಕಿಂತ ಜಾಸ್ತಿ ಕೃತಿ ಬರೆದಿದ್ದಾನೆ. ಆರ್‌ವಿ 253 ಪಿಟೀಲಿಗೆ, ಆರ್‌ವಿ 433 ಕೊಳಲಿಗೆ. ಮನೆಯಲ್ಲಿ ಒಂದನ್ನು ಕೇಳಿಕೊಂಡು ಹೋಗಿ ಅಲ್ಲಿ ಇನ್ನೊಂದು ಬಂದರೆ ತಲೆ ಕೆಡುತ್ತದೆ.

ಎಲ್ಲಿ ಹುಡುಕಬೇಕು? ಟೊರಾಂಟೊದಲ್ಲಿ ಟಾಫೆಲ್‌ಮ್ಯೂಸಿಕ್, ಸಿಡ್ನಿಯಲ್ಲಿ ಆಸ್ಟ್ರೇಲಿಯನ್ ಬ್ರಾಂಡೆನ್‌ಬರ್ಗ್ ಆರ್ಕೆಸ್ಟ್ರಾ, ಬೇ ಏರಿಯಾದಲ್ಲಿ ಫಿಲ್ಹಾರ್ಮೋನಿಯಾ ಬರೋಕ್ ತಂಡಗಳಿವೆ. ಲಂಡನ್‌ನವರಿಗೆ ವಿಗ್ಮೋರ್ ಹಾಲ್ ಅನ್ನುವ ಸಭಾಂಗಣ ಇದೆ. ಹಬ್ಬದ ಥರ ದಿನವಿಡೀ ಕೇಳಬೇಕು ಅನ್ನುವವರು ಜುಲೈನಲ್ಲಿ ಇಂಗ್ಲೆಂಡಿನ ಯಾರ್ಕ್, ಆಗಸ್ಟ್ ಕೊನೆಯಲ್ಲಿ ನೆದರ್‌ಲ್ಯಾಂಡ್ಸ್‌ನ ಯೂಟ್ರೆಕ್ಟ್ ಕಡೆ ನೋಡಿ. ಬಾಸ್ಟನ್‌ನ ಅರ್ಲಿ ಮ್ಯೂಸಿಕ್ ಉತ್ಸವ ಎರಡು ವರ್ಷಕ್ಕೊಮ್ಮೆ, ಬೆಸ ಸಂಖ್ಯೆಯ ವರ್ಷಗಳ ಜೂನ್‌ನಲ್ಲಿ ನಡೆಯುತ್ತದೆ.

2. ಮೊದಲು ರೆಬೆಲ್‌ನ ಗೊಂದಲ ಕೇಳಿ

ಹೋಗುವ ಮೊದಲು ಒಂದೇ ಒಂದು ಕೃತಿ ಕೇಳುವಷ್ಟು ಸಮಯ ಇದ್ದರೆ ಇದನ್ನೇ ಕೇಳಿ: ಝಾಂ-ಫೆರಿ ರೆಬೆಲ್‌ನ ‘ಲೆ ಎಲೆಮಾಂ’, ಅಂದರೆ ಭೂತಗಳು. ಪ್ಯಾರಿಸ್‌ನ ಪಿಟೀಲುಗಾರ ರೆಬೆಲ್ 70 ದಾಟಿದ ಮೇಲೆ, 1737–38ರಲ್ಲಿ ಇದನ್ನು ಬರೆದ. ಮೊದಲ ಭಾಗದ ಹೆಸರು ‘ಗೊಂದಲ’. ಸೃಷ್ಟಿಗೆ ಮೊದಲು ನಾಲ್ಕೂ ಭೂತಗಳು ಒಂದರೊಳಗೊಂದು ಕಲಸಿಕೊಂಡಿದ್ದ ಸ್ಥಿತಿ ಅದು.

ಆರಂಭದಲ್ಲೇ ರೆಬೆಲ್ ಒಂದು ಸ್ಥಾಯಿಯ ಏಳೂ ಸ್ವರಗಳನ್ನು ಒಟ್ಟಿಗೆ ನುಡಿಸುತ್ತಾನೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೀರವಾಣಿಯ ಸರಿಗಮಪದನಿ ಏಳನ್ನೂ ಒಂದೇ ಏಟಿಗೆ ಒತ್ತಿದ ಹಾಗೆ. ಕಿವಿಗೆ ಕರ್ಕಶ. ರೆಕಾರ್ಡಿಂಗ್ ಕೆಟ್ಟಿದೆ ಅಂತ ನಿಲ್ಲಿಸಬೇಡಿ, ಅದು ಹಾಗೇ ಇರಬೇಕು. ಆಮೇಲೆ ನಾಲ್ಕು ದಾರ ಬಿಡಿಸಿಕೊಳ್ಳುತ್ತಾ ಬರುತ್ತವೆ. ಯಾವುದು ಯಾವುದು ಅಂತ ರೆಬೆಲ್ ತಾನೇ ಮುನ್ನುಡಿಯಲ್ಲಿ ಹೇಳಿಟ್ಟಿದ್ದಾನೆ. ಮಂದ್ರದ ವಾದ್ಯಗಳಲ್ಲಿ ನಡುಗುತ್ತಾ ಎಳೆಯುವ ಉದ್ದ ಸ್ವರ ಮಣ್ಣು. ಕೊಳಲುಗಳಲ್ಲಿ ಏರಿ ಇಳಿಯುವ ಸಾಲು ನೀರು. ಚಿಕ್ಕ ಕೊಳಲುಗಳು ಒಂದು ಸ್ವರ ಹಿಡಿದು ನಿಂತು ಆಮೇಲೆ ಅಲುಗಿಸಿದರೆ ಗಾಳಿ. ಪಿಟೀಲುಗಳ ಚುರುಕಾದ, ಕಿಡಿ ಹಾರುವಂಥ ಏಟು ಬೆಂಕಿ.

ಈ ಭಾಗ ಆರೇಳು ನಿಮಿಷ ಅಷ್ಟೇ. ಮೂರು ಸಲ ಕೇಳಿ. ಮೊದಲ ಸಲ ಸುಮ್ನೆ ಕೇಳಿ, ಎರಡನೇ ಸಲ ಬರೀ ಕೊಳಲಿನ ಹಿಂದೆ ಹೋಗಿ, ಮೂರನೇ ಸಲ ಬರೀ ಕೆಳಗಿನ ದನಿಯ ಹಿಂದೆ. ಆಮೇಲೆ ಬರುವ ನೃತ್ಯಗಳಲ್ಲಿ ಮಣ್ಣು ಮತ್ತು ನೀರಿಗೆ ಒಂದು, ಬೆಂಕಿಗೆ ಒಂದು, ಗಾಳಿಗೆ ಒಂದು ಅಂತ ಹಂಚಿಕೆ ಇದೆ.

ಎಚ್ಚರಿಕೆ: ಫೋನಿನ ಸ್ಪೀಕರ್‌ನಲ್ಲಿ ಕೇಳಿದರೆ ಮಣ್ಣು ಪೂರ್ತಿ ಮಾಯ. ಅಷ್ಟು ತಗ್ಗಿನ ದನಿಯನ್ನು ಅದು ಹೊರಡಿಸುವುದಿಲ್ಲ. ಇಯರ್‌ಫೋನ್ ಹಾಕಿಕೊಳ್ಳಿ.

3. ಒಂದೊಂದು ಭೂತದ ಗುರುತು ಹಿಡಿಯಿರಿ

ನೀರು. ಇದು ಎಲ್ಲಕ್ಕಿಂತ ಸುಲಭ. ಏರುತ್ತಾ ಇಳಿಯುತ್ತಾ ಹೋಗುವ ಸಾಲು ಕೇಳಿದರೆ ಅಲೆ. ಟೆಲೆಮಾನ್ 1723ರಲ್ಲಿ ಹ್ಯಾಂಬರ್ಗ್‌ನ ನೌಕಾ ಆಡಳಿತ ಸಂಸ್ಥೆಗೆ ನೂರು ತುಂಬಿದಾಗ ಒಂದು ನೃತ್ಯಮಾಲೆ ಬರೆದ. ಅದರ ಕೊನೆಯ ಹತ್ತಿರ ‘ಉಬ್ಬರವಿಳಿತ’ ಅನ್ನುವ ವೇಗದ ನೃತ್ಯವಿದೆ. ಸ್ವರಗಳು ಮೇಲಕ್ಕೆ ತುಂಬಿ ಬಂದು ಕೆಳಕ್ಕೆ ಇಳಿಯುವುದು ಮೊದಲ ಸಲಕ್ಕೇ ಗೊತ್ತಾಗುತ್ತದೆ. ಹನಿಮಳೆ ಬೇಕಿದ್ದರೆ ವಿವಾಲ್ಡಿಯ ‘ಚಳಿಗಾಲ’ದ ನಿಧಾನದ ಭಾಗ ಕೇಳಿ. ಕೆಲವು ಪಿಟೀಲುಗಳು ಕಮಾನು ಬಿಟ್ಟು ಬೆರಳಲ್ಲಿ ತಂತಿ ಮೀಟುತ್ತವೆ. ಅದು ಹೊರಗಿನ ಮಳೆ. ಮೇಲಿನ ಒಂಟಿ ಪಿಟೀಲು ಒಳಗೆ ಒಲೆಯ ಪಕ್ಕ ಬೆಚ್ಚಗೆ ಕೂತವರದು.

ಇಲ್ಲೊಂದು ಮೋಸ ಇದೆ. ಹ್ಯಾಂಡೆಲ್‌ನ ‘ವಾಟರ್ ಮ್ಯೂಸಿಕ್’ ನೀರಿನ ಕಛೇರಿಗಳಲ್ಲಿ ತಪ್ಪದೇ ಇರುತ್ತದೆ, ಆದರೆ ಅದರಲ್ಲಿ ನೀರನ್ನು ಹುಡುಕಬೇಡಿ, ಸಿಗುವುದಿಲ್ಲ. ಅದು ನೀರಿನ ಮೇಲೆ ನುಡಿಸಲು ಬರೆದ ಸಂಗೀತ. 1717ರ ಜುಲೈ 17ರ ಸಂಜೆ ಒಂದನೇ ಜಾರ್ಜ್ ಥೇಮ್ಸ್ ನದಿಯಲ್ಲಿ ವೈಟ್‌ಹಾಲ್‌ನಿಂದ ಚೆಲ್ಸಿಗೆ ದೋಣಿಯಲ್ಲಿ ಹೊರಟಾಗ ಪಕ್ಕದ ದೋಣಿಯಲ್ಲಿ ಸುಮಾರು 50 ಜನ ಇದನ್ನು ನುಡಿಸಿದರು. ರಾಜನಿಗೆ ಎಷ್ಟು ಹಿಡಿಸಿತೆಂದರೆ ಹೋಗುತ್ತಾ ಬರುತ್ತಾ ಒಟ್ಟು ಮೂರು ಸಲ ನುಡಿಸಬೇಕಾಯಿತು. ಬಯಲಲ್ಲಿ ದೂರಕ್ಕೆ ಕೇಳಿಸಬೇಕಲ್ಲ, ಅದಕ್ಕೇ ಕಹಳೆ, ಕೊಂಬುಗಳ ಅಬ್ಬರ. ಅದನ್ನೇ ಸವಿಯಿರಿ.

ಗಾಳಿ. ಇದಕ್ಕೆ ಎರಡು ಮುಖ. ಒಂದು ಬಿರುಗಾಳಿ, ಇನ್ನೊಂದು ಹಕ್ಕಿ. ಬಿರುಗಾಳಿಗೆ ಪಿಟೀಲುಗಳು ಒಂದೇ ಸ್ವರವನ್ನು ಗಡಗಡ ಬಾರಿಸುತ್ತವೆ, ಇಲ್ಲವೇ ಸರ್ರನೆ ಮೇಲಿಂದ ಕೆಳಕ್ಕೆ ಜಾರುತ್ತವೆ. ಪ್ಯಾರಿಸ್‌ನಲ್ಲಿ 1706ರಲ್ಲಿ ರಂಗಕ್ಕೆ ಬಂದ ಮಾರಿನ್ ಮರೇಯ ‘ಆಲ್ಸಿಯೊನ್’ ಅನ್ನುವ ಒಪೆರಾದಲ್ಲಿ (ಹಾಡಿನಲ್ಲೇ ನಡೆಯುವ ನಾಟಕ) ಒಂದು ಬಿರುಗಾಳಿ ಇದೆ. ಸಮುದ್ರದ ಗುಡುಗು ಕೇಳಿಸಲು ಚರ್ಮವನ್ನು ಸಡಿಲ ಬಿಟ್ಟ ನಗಾರಿಯನ್ನು ಬಿಡದೆ ಬಾರಿಸುತ್ತಾರೆ. ನನ್ನ ಲೆಕ್ಕದಲ್ಲಿ ವಿವಾಲ್ಡಿಯ ಎಲ್ಲ ಬಿರುಗಾಳಿಗಿಂತ ಇದೇ ಜೋರು. ಹಾಗಂತ ವಿವಾಲ್ಡಿಯ ‘ಬೇಸಿಗೆ’ಯನ್ನು ಬಿಡಬೇಡಿ. ಮೊದಲು ಸೆಕೆಗೆ ಸೋತು ಉಸಿರು ಬಿಡುವ ಸಂಗೀತ, ನಡುವೆ ಕೋಗಿಲೆ ಜಾತಿಯ ಹಕ್ಕಿಯ ಕೂಗು, ಆಮೇಲೆ ನೊಣಗಳ ಗುಂಯ್‌ಗುಡಿತ, ಕೊನೆಗೆ ಆಲಿಕಲ್ಲು ಮಳೆ. ಈ ನಾಲ್ಕು ಋತುಗಳು 1725ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅಚ್ಚಾದವು. ಪ್ರತಿ ಋತುವಿಗೂ ಒಂದು 14 ಸಾಲಿನ ಪದ್ಯ ಇದೆ, ಯಾವ ಸಾಲು ಸಂಗೀತದಲ್ಲಿ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿದ್ದಾರೆ. ಕಾರ್ಯಕ್ರಮದ ಪುಸ್ತಿಕೆಯಲ್ಲಿ ಆ ಪದ್ಯ ಇದ್ದರೆ ಶುರುವಾಗುವ ಮೊದಲೇ ಓದಿಕೊಳ್ಳಿ. ನುಡಿಸುವಾಗ ಮಂದ ಬೆಳಕಲ್ಲಿ ಓದಲು ಆಗುವುದಿಲ್ಲ.

ಹಕ್ಕಿಗಳಿಗೆ ಇನ್ನೂ ಹಿಂದೆ ಹೋಗಬಹುದು. 16ನೇ ಶತಮಾನದ ಫ್ರಾನ್ಸ್‌ನ ಜಾನೆಕ್ಯಾಂ ವಾದ್ಯವೇ ಇಲ್ಲದೆ ನಾಲ್ಕು ಗಾಯಕರ ಬಾಯಲ್ಲೇ ಇಡೀ ಕಾಡಿನ ಚಿಲಿಪಿಲಿ ಹೊರಡಿಸಿದ. ಬೀಬರ್ 1669ರಲ್ಲಿ ಬರೆದ ಒಂದು ಪಿಟೀಲು ಕೃತಿಯಲ್ಲಿ ಬುಲ್‌ಬುಲ್ ಥರದ ನೈಟಿಂಗೇಲ್, ಕಪ್ಪೆ, ಕೋಳಿ, ಬೆಕ್ಕು ಎಲ್ಲಾ ಬರುತ್ತವೆ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಈ ಥರದ್ದು ಇರುವ ಕಛೇರಿಯನ್ನೇ ಆರಿಸಿ. ಕಪ್ಪೆ ಬಂದಾಗ ನಗಬಹುದು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಬೆಂಕಿ. ಬೆಂಕಿಯನ್ನು ಕೇಳಿಸುವುದು ಕಷ್ಟ. ಹೀಗಾಗಿ ತಂಡಗಳು ಹ್ಯಾಂಡೆಲ್‌ನ ಪಟಾಕಿ ಸಂಗೀತಕ್ಕೆ ಮೊರೆ ಹೋಗುತ್ತವೆ. ಯುದ್ಧ ಮುಗಿದ ಒಪ್ಪಂದದ ಸಂಭ್ರಮಕ್ಕೆ 1749ರ ಏಪ್ರಿಲ್ 27ರಂದು ಲಂಡನ್ನಿನ ಗ್ರೀನ್ ಪಾರ್ಕ್‌ನಲ್ಲಿ ನುಡಿಸಿದ್ದು ಇದು. ಆವತ್ತು ಬಾಣಬಿರುಸು ಸರಿಯಾಗಿ ಹಾರದೆ, ಕಟ್ಟಿದ್ದ ಮಂಟಪದ ಒಂದು ಬದಿಗೇ ಬೆಂಕಿ ಬಿತ್ತು. ಮೂಲದಲ್ಲಿ 24 ಓಬೋ, 12 ಬಾಸೂನ್, 9 ಕಹಳೆ, 9 ಕೊಂಬು ಬೇಕೆಂದು ಬರೆದಿತ್ತು. ಓಬೋ, ಬಾಸೂನ್ ಅಂದರೆ ನಮ್ಮ ನಾದಸ್ವರದ ಹಾಗೆ ಜೋಡಿ ಪೀಪಿ ಊದುವ ವಾದ್ಯಗಳು. ಈಗಿನ ಚಿಕ್ಕ ತಂಡ ಪಿಟೀಲು ಸೇರಿಸಿ ನುಡಿಸಿದರೆ ಅಷ್ಟು ಅಬ್ಬರ ನಿರೀಕ್ಷಿಸಬೇಡಿ. ನಿಜವಾದ ಬೆಂಕಿ ಬೇಕಿದ್ದರೆ ರಾಮೋ 1735ರಲ್ಲಿ ಬರೆದ ‘ಲೆಸ್ ಆಂದ್ ಗಲಾಂತ್’ ಒಪೆರಾದ ಪೆರು ಭಾಗ ನೋಡಿ. ಅಲ್ಲಿ ಜ್ವಾಲಾಮುಖಿ ಸಿಡಿಯುತ್ತದೆ, ನೆಲ ನಡುಗುತ್ತದೆ.

ಮಣ್ಣು. ಕಾರ್ಯಕ್ರಮ ಕಟ್ಟುವವರು ಅತಿ ಜಾಸ್ತಿ ಪರದಾಡುವುದು ಇಲ್ಲೇ. ಮಣ್ಣು ಸದ್ದು ಮಾಡುವುದಿಲ್ಲವಲ್ಲ. ಮಂದ್ರದ ಒಂದು ಸಾಲು ಮತ್ತೆ ಮತ್ತೆ ಅದೇ ಬರುತ್ತಾ ಅದರ ಮೇಲೆ ಬೇರೆ ಬೇರೆ ಸ್ವರಸಾಲು ಕಟ್ಟುವ ಚಕೋನ್ ಅನ್ನುವ ನೃತ್ಯವನ್ನು ಹಾಕಿ ಮುಗಿಸುವವರು ಹೆಚ್ಚು. ಕೆಲವರು 1500ರ ಸುಮಾರಿನ ಬ್ರ್ಯುಮೆಲ್‌ನ ‘ಭೂಕಂಪದ’ ಪ್ರಾರ್ಥನಾ ಸಂಗೀತವನ್ನು ಹಾಕುತ್ತಾರೆ. 12 ದನಿಗಳ, ಗಂಭೀರವಾದ, ಸುಂದರವಾದ ಗಾಯನ. ಆದರೆ ಅದು ಈಸ್ಟರ್ ಹಾಡೊಂದರ ಸಾಲಿನಿಂದ ಬಂದ ಹೆಸರು. ನೆಲ ನಡುಗುವುದಕ್ಕೆ ಕಾಯುತ್ತಾ ಕೂತರೆ ನಿರಾಸೆ.

ನಮ್ಮವರು ಕೇಳುವ ಇನ್ನೊಂದು ಪ್ರಶ್ನೆ: ‘ಐದಲ್ವಾ? ಆಕಾಶ ಎಲ್ಲಿ?’ ಯುರೋಪಿನವರು ಗ್ರೀಕರಿಂದ ಬಂದ ನಾಲ್ಕರ ಲೆಕ್ಕವನ್ನೇ ಹಿಡಿದಿದ್ದಾರೆ. ಮುತ್ತುಸ್ವಾಮಿ ದೀಕ್ಷಿತರ ಪಂಚಭೂತ ಲಿಂಗ ಕೃತಿಗಳನ್ನು ಕೇಳಿದವರಿಗೆ ಇನ್ನೊಂದು ವ್ಯತ್ಯಾಸವೂ ಕಾಣುತ್ತದೆ. ಕಂಚಿಯ ಪೃಥ್ವಿಗೆ ‘ಚಿಂತಯ ಮಾ’, ಭೈರವಿ. ತಿರುವಾನೈಕಾವಲ್‌ನ ನೀರಿಗೆ ‘ಜಂಬೂಪತೇ’, ಯಮುನಾ ಕಲ್ಯಾಣಿ. ಈ ಕೃತಿಗಳು ನೀರಿನ ಸದ್ದನ್ನು ಅನುಕರಿಸುವುದಿಲ್ಲ, ಕ್ಷೇತ್ರದ ದೇವರ ಮುಂದೆ ನಿಲ್ಲುತ್ತವೆ. ಬರೋಕ್‌ನವರದು ಉಲ್ಟಾ. ಅಮೃತವರ್ಷಿಣಿ ಹಾಡಿದರೆ ಮಳೆ ಬರುತ್ತದೆ ಅಂತ ನಾವು ಹೇಳುತ್ತೇವೆ. ಅವರು ಬರೋ ಮಳೆಯ ಹನಿಯನ್ನೇ ತಂತಿಯಲ್ಲಿ ಬರೆಯುತ್ತಾರೆ. ಹಾಗಾಗಿ ರಾಗದ ಆಳವನ್ನು ಇಲ್ಲಿ ಹುಡುಕುತ್ತಾ ಕೂರಬೇಡಿ, ಚಿತ್ರ ಹುಡುಕಿ.

4. ವಾದ್ಯಗಳ ಮುಖ ಪರಿಚಯ ಮಾಡಿಕೊಳ್ಳಿ

ಪಿಟೀಲು ನಮಗೆ ಗೊತ್ತಿರುವುದೇ. ಆದರೆ ಇಲ್ಲಿ ತಂತಿ ಲೋಹದ್ದಲ್ಲ, ಕುರಿಯ ಕರುಳಿನದು. ಹೌದು, ಕರುಳೇ. ದನಿ ಮೆತ್ತಗೆ, ಸ್ವಲ್ಪ ಒರಟು. ಹವೆಯಲ್ಲಿ ತೇವ ಏರಿಳಿದರೆ ಶ್ರುತಿ ಕೆಡುತ್ತದೆ. ಅದಕ್ಕೇ ಎರಡು ಕೃತಿಗಳ ನಡುವೆ ಶ್ರುತಿ ಮಾಡಿಕೊಳ್ಳುತ್ತಲೇ ಇರುತ್ತಾರೆ. ಸಹನೆ ಇರಲಿ.

ಶ್ರುತಿಯೂ ಕಡಿಮೆ. ಇವತ್ತಿನ ಆರ್ಕೆಸ್ಟ್ರಾದಲ್ಲಿ ‘ಎ’ ಸ್ವರ 440 ಹರ್ಟ್ಸ್ ಇದ್ದರೆ ಬರೋಕ್ ತಂಡಗಳು ಸಾಮಾನ್ಯವಾಗಿ 415 ಇಟ್ಟುಕೊಳ್ಳುತ್ತವೆ. ಅಂದರೆ ಅರ್ಧ ಮನೆ ಕೆಳಗೆ. ಫ್ರೆಂಚ್ ಸಂಗೀತಕ್ಕೆ 392, ಒಂದು ಮನೆ ಕೆಳಗೆ. ಮನೆಯಲ್ಲಿ ಕೀಬೋರ್ಡ್ ಹಿಡಿದು ರೆಕಾರ್ಡಿಂಗ್ ಜೊತೆ ನುಡಿಸಲು ಹೋಗಿ ‘ಹೊಂದುತ್ತಿಲ್ಲ’ ಅನ್ನುವವರು ಇದನ್ನು ನೆನಪಿಡಿ.

ಪಿಯಾನೊದ ಹಾಗೆ ಕಾಣುವುದು ಹಾರ್ಪ್ಸಿಕಾರ್ಡ್. ಒಳಗೆ ಸುತ್ತಿಗೆ ಇಲ್ಲ, ತಂತಿಯನ್ನು ಮೀಟುವ ಕೊಕ್ಕೆ ಇದೆ. ಬೆರಳು ಜೋರಾಗಿ ಒತ್ತಿದರೂ ದನಿ ಜೋರಾಗುವುದಿಲ್ಲ. ಆಳೆತ್ತರದ ಕುತ್ತಿಗೆಯ ವೀಣೆಯಂಥದ್ದು ಥಿಯೋರ್ಬೊ. ಇವೆರಡೂ ದೊಡ್ಡ ಪಿಟೀಲಿನಂಥ ಚೆಲ್ಲೊ ಜೊತೆ ಸೇರಿ ತಳಹದಿ ಹಾಕುತ್ತವೆ. ಇದಕ್ಕೆ ಕಂಟಿನ್ಯುಯೊ ಅಂತ ಹೆಸರು. ಇವರ ಮುಂದಿನ ಹಾಳೆಯಲ್ಲಿ ಮಂದ್ರದ ಸಾಲು ಮತ್ತು ಕೆಲವು ಅಂಕಿ ಮಾತ್ರ ಇರುತ್ತದೆ, ಮೇಲಿನದನ್ನು ಅಲ್ಲೇ ಕಟ್ಟಿಕೊಳ್ಳುತ್ತಾರೆ. ಮನೋಧರ್ಮ ಅಂತ ಕರೆಯಬಹುದಾದದ್ದು ಈ ಮೂಲೆಯಲ್ಲಿ ನಡೆಯುತ್ತದೆ, ಕಣ್ಣಿಡಿ.

ಕಹಳೆ, ಕೊಂಬುಗಳಿಗೆ ಒತ್ತುವ ಗುಂಡಿಗಳಿಲ್ಲ, ಎಲ್ಲಾ ತುಟಿಯಲ್ಲೇ. ಆಗಾಗ ಸ್ವರ ಒಡೆಯುತ್ತದೆ. ಅದು ವಾದಕರ ಅಸಡ್ಡೆ ಅಲ್ಲ.

5. ಟಿಕೆಟ್, ಜಾಗ, ಸ್ವೆಟರ್

ಹಿಂದಿನ ಸಾಲಿನ ಅಗ್ಗದ ಟಿಕೆಟ್ ಇಲ್ಲಿ ಲಾಭ ಅಲ್ಲ. ಮೈಕ್ ಇರುವುದಿಲ್ಲ. ದೊಡ್ಡ ಚರ್ಚ್‌ನಲ್ಲಿ ಹಿಂದೆ ಕೂತರೆ ಪ್ರತಿಧ್ವನಿಯಲ್ಲಿ ಬಿರುಗಾಳಿ ಎಲ್ಲಾ ಕಲಸಿ ಹೋಗುತ್ತದೆ, ಹಾರ್ಪ್ಸಿಕಾರ್ಡ್ ಕೇಳಿಸುವುದೇ ಇಲ್ಲ. ಮುಂದಿನ ಮೂರನೇ ಒಂದು ಭಾಗದಲ್ಲಿ ಜಾಗ ಹಿಡಿಯಿರಿ. ದುಬಾರಿ ಅನ್ನಿಸಿದರೆ ವಿದ್ಯಾರ್ಥಿ ರಿಯಾಯಿತಿ, ಕೊನೆ ಗಳಿಗೆಯ ಟಿಕೆಟ್ ವಿಚಾರಿಸಿ. ‘ರಿಸ್ಟ್ರಿಕ್ಟೆಡ್ ವ್ಯೂ’ ಅಂದರೆ ಕಂಬ ಅಡ್ಡ ಬರುತ್ತದೆ ಅಂತ. ಮುಂದೆ ಇದ್ದು ಕಂಬ ಅಡ್ಡ ಇದ್ದರೂ ಪರವಾಗಿಲ್ಲ, ಹಿಂದೆ ಕೂರುವುದಕ್ಕಿಂತ ವಾಸಿ.

ಬಟ್ಟೆಗೆ ನಿಯಮ ಇಲ್ಲ. ಸೂಟ್ ಬೇಡ, ಜೀನ್ಸ್ ನಡೆಯುತ್ತದೆ, ಸೀರೆ ಉಟ್ಟರೆ ಇನ್ನೂ ಚೆಂದ. ಆದರೆ ಹಳೆಯ ಚರ್ಚ್‌ಗಳು ಬೇಸಿಗೆಯಲ್ಲೂ ತಣ್ಣಗಿರುತ್ತವೆ, ಮರದ ಬೆಂಚು ಗಟ್ಟಿ. ಸ್ವೆಟರ್ ಮತ್ತು ಒಂದು ಚಿಕ್ಕ ದಿಂಬು ಒಯ್ಯಿರಿ. ಬಳೆ ಜಾಸ್ತಿ ಹಾಕಿಕೊಳ್ಳಬೇಡಿ, ಕೈ ಆಡಿಸಿದರೆ ಸದ್ದು ಎಲ್ಲರಿಗೂ ಕೇಳುತ್ತದೆ.

6. ಒಳಗೆ ಕೂತ ಮೇಲೆ

ತಡವಾಗಿ ಹೋದರೆ ಬಾಗಿಲಲ್ಲೇ ನಿಲ್ಲಿಸುತ್ತಾರೆ, ಒಂದು ಕೃತಿ ಮುಗಿದ ಮೇಲೆ ಬಿಡುತ್ತಾರೆ. ನಮ್ಮ ಕಛೇರಿಗಳ ಹಾಗೆ ಮಧ್ಯೆ ಎದ್ದು ಕಾಫಿಗೆ ಹೋಗುವಂತಿಲ್ಲ. ಸಾಮಾನ್ಯವಾಗಿ ಎರಡು ಭಾಗ, ನಡುವೆ 20 ನಿಮಿಷದ ಬಿಡುವು.

ಚಪ್ಪಾಳೆ. ಒಂದು ಕೃತಿಗೆ ಮೂರೋ ನಾಲ್ಕೋ ಭಾಗ ಇರುತ್ತದೆ. ಎಲ್ಲ ಮುಗಿದ ಮೇಲೆ ತಟ್ಟುವುದು ರೂಢಿ. ಪುಸ್ತಿಕೆಯಲ್ಲಿ ಕೃತಿಯ ಹೆಸರಿನ ಕೆಳಗೆ ಎಷ್ಟು ಸಾಲು ಇದೆಯೋ ಅಷ್ಟು ಭಾಗ, ಎಣಿಸಿಕೊಳ್ಳಿ. ಲೆಕ್ಕ ತಪ್ಪಿದರೆ ಪಕ್ಕದವರು ತಟ್ಟುವವರೆಗೆ ಕಾಯಿರಿ. ಹಾಗಂತ ‘ಬೇಸಿಗೆ’ಯ ಆಲಿಕಲ್ಲು ಮುಗಿದಾಗ ಇಡೀ ಸಭೆ ತಡೆಯಲಾರದೆ ತಟ್ಟುವುದೂ ಉಂಟು. 18ನೇ ಶತಮಾನದ ಸಭೆಗಳೇನೂ ಇಷ್ಟು ಮೌನವಾಗಿ ಕೂರುತ್ತಿರಲಿಲ್ಲ, ಈ ಶಿಸ್ತು ಆಮೇಲಿನದು.

ನಮ್ಮವರಿಗೆ ವಿಶೇಷ ಎಚ್ಚರಿಕೆ: ತೊಡೆ ತಟ್ಟಿ ತಾಳ ಹಾಕಬೇಡಿ. ಅಭ್ಯಾಸಬಲ, ಕೈ ತಾನಾಗೇ ಏಳುತ್ತದೆ. ‘ಭೇಷ್’, ‘ಆಹಾ’ ಕೂಡ ಬೇಡ, ಕೊನೆಯಲ್ಲಿ ಎಷ್ಟು ಬೇಕಾದರೂ ಕೂಗಿ. ಶ್ರುತಿ ಮಾಡುವಾಗ ಮಾತಾಡಬೇಡಿ, ಕರುಳ ತಂತಿಯ ಸಣ್ಣ ದನಿ ವಾದಕರಿಗೇ ಕೇಳಿಸುವುದಿಲ್ಲ. ಕೆಮ್ಮು ಬಂದರೆ ಭಾಗಗಳ ನಡುವೆ ಕೆಮ್ಮಿ. ಚಾಕಲೇಟಿನ ಕಾಗದವನ್ನು ಮೊದಲೇ ಬಿಚ್ಚಿಟ್ಟುಕೊಳ್ಳಿ, ನಿಧಾನವಾಗಿ ಬಿಚ್ಚಿದರೆ ಸದ್ದು ಕಡಿಮೆ ಅನ್ನುವುದು ಭ್ರಮೆ.

ಬಿಡುವಿನಲ್ಲಿ ವೇದಿಕೆಯ ಹತ್ತಿರ ಹೋಗಿ ನೋಡಿ. ಹಾರ್ಪ್ಸಿಕಾರ್ಡ್ ಶ್ರುತಿ ಮಾಡುವವರು ಅಲ್ಲೇ ಇರುತ್ತಾರೆ. ಅವರ ಕೆಲಸ ಮುಗಿದ ಮೇಲೆ ಕೇಳಿದರೆ ಒಳಗಿನ ಕೊಕ್ಕೆಗಳನ್ನು ತೋರಿಸುವವರೇ ಹೆಚ್ಚು. ಮುಟ್ಟಬೇಡಿ ಅಷ್ಟೇ.

7. ಹತ್ತಿರದಲ್ಲಿ ಕಛೇರಿ ಇಲ್ಲದವರಿಗೆ

ದಾವಣಗೆರೆ, ಶಿವಮೊಗ್ಗದಲ್ಲಿ ಕೂತು ಇದನ್ನು ಓದುತ್ತಿರುವವರು ಮನೆಯಲ್ಲೇ ಒಂದು ಸಂಜೆ ಕಟ್ಟಿಕೊಳ್ಳಬಹುದು. ನನ್ನ ಸಲಹೆಯ ಕ್ರಮ ಇದು: ರೆಬೆಲ್‌ನ ಗೊಂದಲ, ಟೆಲೆಮಾನ್‌ನ ಹ್ಯಾಂಬರ್ಗ್ ಮಾಲೆ, ಮರೇಯ ಬಿರುಗಾಳಿ, ಬೀಬರ್‌ನ ಪ್ರಾಣಿಗಳು, ವಿವಾಲ್ಡಿಯ ‘ಬೇಸಿಗೆ’. ಪರ್ಸೆಲ್ 1691ರಲ್ಲಿ ‘ಕಿಂಗ್ ಆರ್ಥರ್’ ನಾಟಕಕ್ಕೆ ಬರೆದ ಚಳಿಯ ದೇವತೆಯ ಹಾಡನ್ನು ‘ಬೇಸಿಗೆ’ಯ ಮೊದಲು ಸೇರಿಸಿ. ಗಾಯಕ ಹಲ್ಲು ಕಟಕಟಿಸುತ್ತಾ ನಡುಗುವ ದನಿಯಲ್ಲಿ ಹಾಡುತ್ತಾನೆ. ಎಲ್ಲಾ ಸೇರಿ ಒಂದು ಗಂಟೆಯ ಆಸುಪಾಸು.

ಹುಡುಕುವಾಗ ಕೃತಿಯ ಹೆಸರಿನ ಜೊತೆ ‘ಪೀರಿಯಡ್ ಇನ್‌ಸ್ಟ್ರುಮೆಂಟ್ಸ್’ ಅಂತಲೂ ಹಾಕಿ. ವಿಡಿಯೊ ಇದ್ದರೆ ವಿಡಿಯೊವನ್ನೇ ನೋಡಿ, ಯಾವ ವಾದ್ಯ ಯಾವಾಗ ಬಾಯಿ ತೆರೆಯುತ್ತದೆ ಅಂತ ಕಣ್ಣಿಗೆ ಗೊತ್ತಾದರೆ ಕಿವಿಗೆ ಅರ್ಧ ಕೆಲಸ ಕಡಿಮೆ. ‘ಮಲಗಲು ಸಂಗೀತ’, ‘ಓದಲು ಸಂಗೀತ’ ಅಂತ ಮೂರು ಗಂಟೆ ಜೋಡಿಸಿಟ್ಟ ಪಟ್ಟಿಗಳ ಕಡೆ ಹೋಗಬೇಡಿ. ಅವುಗಳಲ್ಲಿ ಬಿರುಗಾಳಿಗಳನ್ನೆಲ್ಲ ಕತ್ತರಿಸಿ ನಿಧಾನದ ಭಾಗಗಳನ್ನು ಮಾತ್ರ ಉಳಿಸಿರುತ್ತಾರೆ.